ಹುತ್ತ ಕಟ್ಟಿದ ವ್ಯಾನು

ಸೀನಪ್ಪನ ಮನೆಯಲ್ಲಿ ವ್ಯಾನು ಕೊಟ್ಟಿಗೆಯ ಒಳಗಿತ್ತು, ಹಸುಗಳು ಹೊರಗಿದ್ದವು. ಕ್ಯಾಸಂಬಳ್ಳಿಯ ಸುತ್ತಮುತ್ತ ಇದನ್ನು ನೋಡಿ ನಗದವರಿಲ್ಲ. ಸೊಸೆ ಕಲ್ಪನ ಕೂಡ ಮದುವೆಯಾಗಿ ಬಂದ ಹೊಸದರಲ್ಲಿ ನಕ್ಕಿದ್ದಳು. ಆಮೇಲೆ ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುವುದು ಅವಳ ಪಾಲಿನ ಕೆಲಸವಾಯಿತು. ನಗು ಅಲ್ಲಿಗೆ ನಿಂತಿತು.

ಅದು ಸಾಮಾನು ಸಾಗಿಸುವ ವ್ಯಾನಲ್ಲ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಚಾಂಪಿಯನ್ ರೀಫ್ಸ್‌ ಗಣಿಯ ಒಬ್ಬ ಇಂಜಿನಿಯರು ಹೆಂಡತಿ ಮಕ್ಕಳೊಂದಿಗೆ ಊರೂರು ಸುತ್ತಲೆಂದು ಮಾಡಿಸಿಕೊಂಡಿದ್ದ ಚಕ್ರದ ಮೇಲಿನ ಮನೆ. ಒಳಗೆ ಮಡಚುವ ಮಂಚ, ಸೀಮೆಎಣ್ಣೆ ಸ್ಟೋವ್ ಇಡಲು ಗೂಡು, ಕೈ ತೊಳೆಯಲು ತಗಡಿನ ಬೋಗುಣಿ. ಗಣಿ ಮುಚ್ಚಿ ಬಂಗಲೆಗಳು ಖಾಲಿಯಾದ ಮೇಲೆ ಒಂದು ಹುಣಸೆಮರದ ಕೆಳಗೆ ತುಕ್ಕು ಹಿಡಿಯುತ್ತಿದ್ದ ಇದನ್ನು ಸೀನಪ್ಪ ಮತ್ತು ಅವನ ಗೆಳೆಯ ಕೋದಂಡಪ್ಪ ಸೇರಿ ಕೊಂಡರು. ಇಬ್ಬರೂ ಕೆಜಿಎಫ್‌ನ ಒಂದೇ ಕಾರ್ಖಾನೆಯಲ್ಲಿ ದುಡಿದವರು. ಸೀನಪ್ಪನದು ತಗಡು, ಮರದ ಕೆಲಸ, ಕೋದಂಡಪ್ಪನದು ಇಂಜಿನ್ನು. ರಿಟೈರಾದ ಮೇಲೆ ಎರಡು ಜೋಡಿ ಇದರಲ್ಲೇ ದೇಶ ಸುತ್ತುವುದೆಂದು ಮಾತಾಯಿತು. ಕೋದಂಡಪ್ಪ ಗೇರ್‌ಬಾಕ್ಸ್ ಬಿಚ್ಚಿ, ಹಲ್ಲುಚಕ್ರಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಗೋಣಿಯ ಮೇಲೆ ಹರವಿಟ್ಟ. ಅದೇ ತಿಂಗಳು ಕೊರೊನಾ ಬಂದು ಅವನನ್ನು ಕರೆದುಕೊಂಡು ಹೋಯಿತು.

ಅಲ್ಲಿಂದ ಗೇರ್‌ಬಾಕ್ಸು ಗೋಣಿಚೀಲ ಸೇರಿತು. ಸೀನಪ್ಪ ಮಾತ್ರ ಕೆಲಸ ನಿಲ್ಲಿಸಲಿಲ್ಲ. ಮಾವಿನ ಹಲಗೆ ತಂದು ಹೊಸ ಮಂಚ ಮಾಡಿದ. ಪ್ಲೈವುಡ್ ನೆಲ ಹಾಸಿದ. ಬಣ್ಣದ ಮೇಲೆ ಬಣ್ಣ ಬಳಿದ. ಕೊನೆಗೆ ಆಂಡರ್ಸನ್‌ಪೇಟೆಗೆ ಹೋಗಿ ಹೂವಿನ ಚಿತ್ರದ ಪರದೆ ಹೊಲಿಸಿಕೊಂಡು ಬಂದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ.

ನಿಂತ ಗಾಡಿಯ ಹಿಂದಿನ ಚಕ್ರದ ಪಕ್ಕದಲ್ಲಿ ಇದರ ನಡುವೆ ಒಂದು ಹುತ್ತ ಎದ್ದಿತು. ಸೀನಪ್ಪನ ಹೆಂಡತಿ ಚಿಕ್ಕವೆಂಕಟಮ್ಮ ಒಂದು ನಾಗರಪಂಚಮಿಯ ದಿನ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಹಾಲೆರೆದಳು. ಅಂದಿನಿಂದ ಅದನ್ನು ಮುಟ್ಟುವವರಿಲ್ಲ. ಹುತ್ತ ಬೆಳೆದು ವ್ಯಾನಿನ ಹೊಟ್ಟೆಗೆ ತಾಗಿತು. ಹುತ್ತವನ್ನು ಕೀಳದೆ ವ್ಯಾನನ್ನು ಎಳೆಯುವಂತಿಲ್ಲ, ಹುತ್ತವನ್ನು ಕೀಳುವ ಗಂಡಸು ಆ ಊರಿನಲ್ಲಿ ಹುಟ್ಟಿಲ್ಲ.

ಈ ವರ್ಷ ಮಳೆ ಬೇಗ ಹಿಡಿಯಿತು. ಗೌರಿ ಎಂಬ ಹಸುವಿಗೆ ಕೆಸರಿನಲ್ಲಿ ನಿಂತೂ ನಿಂತೂ ಕೆಚ್ಚಲು ಬಾತುಕೊಂಡಿತು. ಹಾಲಿನಲ್ಲಿ ಗರಣೆ ಬಂತು. ಡೇರಿಯವರು ಕ್ಯಾನನ್ನು ವಾಪಸು ಕಳಿಸಿದರು. ಅಂದು ಸಂಜೆ ಊಟಕ್ಕೆ ಮುದ್ದೆ, ಸೊಪ್ಪಿನ ಬಸ್ಸಾರು. ಕಲ್ಪನ ಬಡಿಸುತ್ತಿದ್ದಳು, ಆದರೆ ಅವಳ ಸೌಟಿನ ಸದ್ದು ದಿನದಂತಿರಲಿಲ್ಲ.

"ಡಾಕ್ಟ್ರು ಏನಂದ್ರಮ್ಮಾ?" ಸೀನಪ್ಪ ಮುದ್ದೆ ಮುರಿಯುತ್ತ ಕೇಳಿದ.

"ಒಣಗಿದ ನೆಲದಲ್ಲಿ ಕಟ್ಟಿ ಅಂದ್ರು ಮಾವ. ನಮ್ಮನೇಲಿ ಒಣಗಿದ ನೆಲ ಇರೋದು ಒಂದೇ ಕಡೆ. ಅಲ್ಲಿ ನಿಮ್ಮ ವ್ಯಾನು ಮಲಗೈತೆ."

"ಟಾರ್ಪಾಲು ಕಟ್ಟುಸ್ತೀನಿ ಬಿಡು."

"ಹೋದ ವರ್ಷನೂ ಟಾರ್ಪಾಲು ಅಂದ್ರಿ. ಅದು ಗಾಳಿಗೆ ಹಾರಿ ಮುನಿಸ್ವಾಮಪ್ಪನೋರ ಟೊಮೊಟೊ ತೋಟದ ಮೇಲೆ ಬಿತ್ತು. ಗಿಡ ಎಲ್ಲಾ ಮಲಗಿಸ್ತು. ಬೈಸ್ಕೊಂಡೋಳು ನಾನು."

ಮಗ ಸುಬ್ರಮಣಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನು ಬಂಗಾರಪೇಟೆಯಿಂದ ರೈಲು ಹತ್ತಿ ದಿನಾ ಮಾಲೂರಿನ ಕಾರ್ಖಾನೆಗೆ ಹೋಗಿ ಬರುವವನು. ಮನೆಗೆ ಬರುವಷ್ಟರಲ್ಲಿ ಜಗಳವಾಡುವ ಶಕ್ತಿ ಉಳಿದಿರುತ್ತಿರಲಿಲ್ಲ.

"ನೀವಾದ್ರೂ ಬಾಯಿ ಬಿಡ್ರಿ," ಅಂದಳು ಕಲ್ಪನ ಗಂಡನಿಗೆ.

"ಬಂಗಾರಪೇಟೆಲಿ ಒಬ್ಬ ಗುಜರಿಯೋನು ಕೇಳ್ತಾ ಇದ್ದ... ಅಂದ್ರೆ, ಅಪ್ಪ ಒಸಿ ಯೋಚ್ನೆ ಮಾಡ್ಲಿ. ನೀನೂ ಒಸಿ ಸೈರಿಸ್ಕೋ. ಅಂಗೂ ಆಗ್ಬೋದು, ಇಂಗೂ ಆಗ್ಬೋದು."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಸುಬ್ರಮಣಿಯನ್ನು ಮೀರಿಸುವವರಿಲ್ಲ. ಆದರೂ 'ಗುಜರಿ' ಎಂಬ ಮಾತು ಸೀನಪ್ಪನಿಗೆ ಚುರುಕ್ಕೆಂದಿತು. ಅವನು ತಟ್ಟೆ ಸರಿಸಿದ.

"ಕೋದಂಡನ ಕೈ ಮುಟ್ಟಿದ ಗಾಡಿ ಕಣ್ಲಾ ಅದು! ಅದನ್ನ ಗುಜರಿಗೆ ಆಕ್ತೀನಾ? ಇನ್ನ ಒಸಿ ಕೆಲ್ಸ ಐತೆ, ಅಷ್ಟೆ. ಅದಿರ್ಲಿ, ಆ ಉತ್ತ ಯಾರು ಕೀಳೋರು? ನೀನು ಕೀಳ್ತೀಯಾ?"

"ಉತ್ತದ ಮಾತು ಊಟದ ಒತ್ನಾಗೆ ಆಡ್ಬೇಡ್ರಪ್ಪಾ," ಚಿಕ್ಕವೆಂಕಟಮ್ಮ ಒಲೆಯ ಹತ್ತಿರದಿಂದಲೇ ಅಂದಳು. "ಮುಟ್ಟಿದೋರಿಗೆ ಮೈಯೆಲ್ಲಾ ಕಜ್ಜಿ ಏಳ್ತೈತೆ."

"ನೋಡಿ ಅತ್ತೆ," ಕಲ್ಪನ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ಹಾಲು ಕುಡಿಯೋರಿಗೆ ಸೂರು ಐತೆ, ಹಾಲು ಕೊಡೋಳಿಗೆ ಇಲ್ಲ. ಇದು ಯಾವ ನ್ಯಾಯ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಮರುದಿನ ಬೆಳಿಗ್ಗೆ ಗೌರಿಯನ್ನು ಹಿಡಿದುಕೊಂಡು ಬಂದು ಪಡಸಾಲೆಯಲ್ಲಿ, ಮಾವನ ಮಂಚದ ಕಾಲಿಗೇ ಕಟ್ಟಿದಳು.

"ಇದೇನೇ ಇದು?" ಚಿಕ್ಕವೆಂಕಟಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಮಾವನೇ ಹೇಳ್ತಿದ್ರಲ್ಲ ಅತ್ತೆ, ಅವರಪ್ಪನ ಕಾಲದಲ್ಲಿ ದನ ಜನ ಎಲ್ಲಾ ಒಂದೇ ಸೂರಿನ ಕೆಳಗೆ ಇರ್ತಿದ್ರು, ಅದೇ ಸುಖ ಅಂತ. ಮಾವಂಗೆ ಆ ಸುಖ ಯಾಕೆ ತಪ್ಪಿಸ್ಬೇಕು?"

ಈ ಹಿರಿಮೆಯನ್ನು ಸೀನಪ್ಪ ಬಂದ ನೆಂಟರಿಗೆಲ್ಲ ಹೇಳಿದ್ದ. ಗೌರಿ ಅವನ ಟವಲು ಅಗಿಯಿತು. ಮಂಚದ ಕೆಳಗೆ ಗಂಜಳ ಹರಿಯಿತು. ಕಲ್ಪನ ಅವನೊಂದಿಗೆ ನೇರ ಮಾತು ಬಿಟ್ಟಳು. "ಅತ್ತೆ, ಮಾವಂಗೆ ಕಾಫಿ ಆಯ್ತು ಅಂತ ಹೇಳಿ" ಎಂದು ಎದುರಿಗೆ ಕುಳಿತವನಿಗೇ ಹೇಳಿ ಕಳಿಸುತ್ತಿದ್ದಳು. ವಾರ ತುಂಬುವ ಮೊದಲೇ ಅವನು ಹಾಸಿಗೆ ಸುತ್ತಿಕೊಂಡು ಎದ್ದ.

"ನನಗೆ ಮನೆ ಐತೆ," ಅಂದು ವ್ಯಾನಿಗೆ ಹೊರಟುಹೋದ.

ಆ ಕೆಲವು ದಿನ ಅವನು ಸುಖವಾಗಿಯೇ ಇದ್ದ, ಅದನ್ನು ಸುಳ್ಳು ಎನ್ನುವಂತಿಲ್ಲ. ಚಿಕ್ಕವೆಂಕಟಮ್ಮ ಹೊತ್ತು ಹೊತ್ತಿಗೆ ತಟ್ಟೆ ತಂದು ಬಾಗಿಲಲ್ಲಿ ನಿಂತು ಕೊಡುತ್ತಿದ್ದಳು. ಅವನು ಕಿಟಕಿಯ ಪರದೆ ಸರಿಸಿ ಕುಳಿತು ಉಣ್ಣುತ್ತಿದ್ದ.

"ಇಲ್ಲಿ ಸ್ಟೋವು. ಈ ಕಡೆ ನೀನು ಕೂತ್ಕೊಂಡ್ರೆ ಸಮುದ್ರ ಕಾಣ್ತೈತೆ," ಅನ್ನುತ್ತಿದ್ದ.

"ಈಗ ಕಾಣ್ತಿರೋದು ತಿಪ್ಪೆ. ಸಾರು ಆರೋಯ್ತದೆ, ತಿನ್ನು," ಅನ್ನುತ್ತಿದ್ದಳು ಅವಳು. ಆದರೂ ತಟ್ಟೆ ಖಾಲಿಯಾಗುವ ತನಕ ಅಲ್ಲೇ ನಿಂತು ಅವನು ತೋರಿಸಿದ ಕಡೆಗೆಲ್ಲ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಸೀನಪ್ಪ ಎದ್ದಾಗ ದಿಂಬಿನ ಮೇಲೆ ಮಣ್ಣಿತ್ತು. ಮಳೆಗೆ ಬಂದಿರಬೇಕು ಎಂದು ಕೊಡವಿದ. ಮರುದಿನ ಕಿವಿಯೊಳಗೂ ಮಣ್ಣು. ಅನುಮಾನ ಬಂದು ಮಂಚದ ಚೌಕಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದ. ಅದು ಹಿಡಿಯ ತನಕ ಒಳಗೆ ಹೋಯಿತು. ಇನ್ನೊಂದು ಕಡೆ ಒತ್ತಿದ, ಅಲ್ಲಿಯೂ ಹಾಗೇ. ನೆಲದ ಹಾಸನ್ನು ಎತ್ತಿದರೆ ಕೆಳಗೆ ಬಿಳಿ ಹುಳುಗಳು ಗಿಜಿಗುಡುತ್ತಿದ್ದವು. ಮಾವಿನ ಹಲಗೆ, ಪ್ಲೈವುಡ್ಡು, ಗೂಡು, ಎಲ್ಲದರ ಒಳಗೂ ಮಣ್ಣು ತುಂಬಿತ್ತು. ಹೊರಗೆ ಅವನು ಬಳಿದ ಬಣ್ಣವೊಂದೇ ಗಟ್ಟಿಯಾಗಿತ್ತು.

ಹುತ್ತ ಕಟ್ಟಿದ ಗೆದ್ದಲಿಗೆ ಊಟ ಎಲ್ಲಿಂದ ಬಂತು ಎಂದು ಅಷ್ಟು ವರ್ಷ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾಗಪ್ಪನ ಮನೆಗೆ ಔಷಧಿ ಹೊಯ್ಯುವುದುಂಟೇ? ಕೆಳಗೆ ಪೂಜೆ, ಮೇಲೆ ಬಣ್ಣ. ನಡುವೆ ಹುಳು ತನ್ನ ಪಾಡಿಗೆ ತಾನು ಉಂಡುಕೊಂಡಿತ್ತು.

ವ್ಯಾನು ಹೋಯಿತೆನ್ನುವುದಕ್ಕಿಂತ ದೊಡ್ಡ ಭಯವೊಂದು ಸೀನಪ್ಪನನ್ನು ಹಿಡಿಯಿತು. ಇದನ್ನು ಹೆಂಡತಿಗೆ ಹೇಗೆ ಹೇಳುವುದು? ಹಾಲೆರೆದವಳು ಅವಳು. ಗೊತ್ತಾದರೆ ಇರುವಷ್ಟು ದಿನ ಅದನ್ನೇ ಹಚ್ಚಿಕೊಂಡು ಕೊರಗುತ್ತಾಳೆ. ಅವನು ಮಣ್ಣನ್ನು ಗುಡಿಸಿ, ಹಾಸನ್ನು ಮತ್ತೆ ಹಾಸಿ, ಮಂಚದ ಮೇಲೆ ಕಂಬಳಿ ಎಳೆದ.

ಭಾನುವಾರ ಸುಬ್ರಮಣಿ ಮನೆಯಲ್ಲಿದ್ದ. ನಾಟಿಕೋಳಿ ಸಾರು ಆಗಿತ್ತು. ಸೀನಪ್ಪ ಪಡಸಾಲೆಗೆ ಬಂದು ಗೌರಿಯನ್ನು ಒಂದು ಕೈಯಲ್ಲಿ ಸರಿಸಿ ಕುಳಿತ.

"ಸುಬ್ಬು, ಆ ಗುಜರಿಯೋನ್ಗೆ ಬಂದು ನೋಡು ಅಂತ ಏಳು."

ಸುಬ್ರಮಣಿಯ ಕೈಯ ತುತ್ತು ಕೈಯಲ್ಲೇ ನಿಂತಿತು. "ಯಾಕಪ್ಪಾ? ಮೈಯಾಗೆ ಉಷಾರಿಲ್ವಾ?"

"ಉಷಾರಾಗೇ ಇವ್ನಿ. ಸಾಕಾಯ್ತು, ಅಷ್ಟೆ. ಅಸು ಒಳಗೆ ಬರ್ಲಿ."

ಕಲ್ಪನ ಮಾವನ ಮುಖವನ್ನೇ ನೋಡಿದಳು. ಗೆದ್ದೆ ಅಂದುಕೊಳ್ಳಬೇಕೆಂದರೆ ಆಗಲಿಲ್ಲ. ಅಷ್ಟರಲ್ಲಿ ಅಡಿಗೆಮನೆಯಿಂದ ಚಿಕ್ಕವೆಂಕಟಮ್ಮ ಹೊರಗೆ ಬಂದಳು. ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ಆ ಮನೆ ಕೇಳಿರಲಿಲ್ಲ.

"ಯಾರನ್ನ ಕೇಳಿ ಕೊಡ್ತೀಯ? ನಿನ್ನೊಬ್ನದಾ ಅದು?"

"ಲೇ, ನಿನಗ್ಯಾಕೆ ಈಗ..."

"ಯಾಕಾ? ತಾಳು."

ಅವಳು ಒಳಗೆ ಹೋಗಿ ಅಟ್ಟದ ಮೇಲಿನಿಂದ ಹಳೆಯ ಸೀರೆಯಲ್ಲಿ ಕಟ್ಟಿದ ಗಂಟೊಂದನ್ನು ಎಳೆದು ತಂದು ಎಲ್ಲರ ನಡುವೆ ಬಿಚ್ಚಿದಳು. ಪುಟ್ಟ ಪುಟ್ಟ ಸ್ಟೀಲಿನ ಪಾತ್ರೆಗಳು, ನಾಲ್ಕು ತಟ್ಟೆ, ನಾಲ್ಕು ಲೋಟ, ಮುಚ್ಚಳ ಇರುವ ಉಪ್ಪಿನ ಡಬ್ಬಿ. ಜೊತೆಗೆ ಒಂದು ಗಿಡ್ಡ ಮುದ್ದೆಕೋಲು. ಮನೆಯ ಕೋಲಿನ ಅರ್ಧ ಕೂಡ ಇರಲಿಲ್ಲ.

"ಆ ಗೂಡ್ನಾಗೆ ಉದ್ದ ಕೋಲು ತಿರುಗಲ್ಲ ಅಂತ ಗಿಡ್ಡದು ಮಾಡ್ಸಿದ್ದೆ," ಅಂದಳು. ಮಾತು ಇಳಿಯಿತು, ಆದರೆ ನಿಲ್ಲಲಿಲ್ಲ. "ಉತ್ತಕ್ಕೆ ಕುಂಕುಮ ಯಾಕೆ ಇಟ್ಟೆ ಅಂದ್ಕೊಂಡ್ರಿ? ನನಗೇನು ನಾಗಪ್ಪ ಕನಸ್ನಾಗೆ ಬಂದಿದ್ನಾ? ಕೋದಂಡಣ್ಣ ಓದ್ಮೇಲೆ ಎಲ್ರೂ ಎತ್ತಾಕು ಎತ್ತಾಕು ಅಂತಿದ್ರಿ. ದೇವ್ರು ಅಂದ್ರೆ ಯಾರೂ ಎತ್ತಲ್ಲ ಅಂತ ಇಟ್ಟೆ."

ಕಲ್ಪನ ಮೆಲ್ಲಗೆ ಕೇಳಿದಳು, "ಅತ್ತೆ, ನಿಮಗೂ ಅದರಲ್ಲಿ ಹೋಗೋ ಆಸೆ ಇತ್ತಾ?"

"ಯಾಕೆ, ನಾನು ಮನುಷ್ಯಳಲ್ವಾ? ತೌರು, ಈ ಮನೆ, ಕ್ಯಾಸಂಬಳ್ಳಿ, ಕೆಜಿಎಫ್ ಆಸ್ಪತ್ರೆ. ಇಷ್ಟೇ ಕಣಮ್ಮ ನಾನು ನೋಡಿರೋದು."

ಕಲ್ಪನಳ ಕಣ್ಣು ತುಂಬಿತು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕುಳಿತಿದ್ದರೂ ಇದನ್ನು ತಾನು ಒಂದು ಸಲವೂ ಕೇಳಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಚಿಕ್ಕವೆಂಕಟಮ್ಮ ಗಂಟನ್ನು ಮತ್ತೆ ಕಟ್ಟಿ ಎತ್ತಿಕೊಂಡಳು. "ಇವತ್ತೇ ಇದನ್ನ ಗಾಡ್ಯಾಗೆ ಇಟ್ಟು ಬತ್ತೀನಿ. ಅದ್ಯಾವ ಗುಜರಿಯೋನು ಬತ್ತಾನೋ ನೋಡಾಣ."

"ಗಾಡಿ ಅತ್ತಬೇಡ ಕಣೇ! ಈಗ ಬೇಡ!" ಸೀನಪ್ಪ ಎಂಜಲು ಕೈಯಲ್ಲೇ ಓಡಿದ. ಅವನು ಕೊಟ್ಟಿಗೆ ಮುಟ್ಟುವಷ್ಟರಲ್ಲಿ ಅವಳು ವ್ಯಾನಿನ ಮೆಟ್ಟಿಲು ಹತ್ತಿ ಗಂಟನ್ನು ಮಂಚದ ಮೇಲೆ ಇಟ್ಟಾಗಿತ್ತು. ಮಂಚ ಒಂದು ಉಸಿರಿನಷ್ಟು ಹೊತ್ತು ತಡೆಯಿತು. ಆಮೇಲೆ ಕುಸಿಯಿತು. ಗಂಟು ಬಿಚ್ಚಿಕೊಂಡು ತಟ್ಟೆ ಲೋಟಗಳೆಲ್ಲ ನೆಲದ ತೂತಿನೊಳಗೆ ಜಾರಿ ಕೆಳಗಿನ ಹುತ್ತದ ಮೇಲೆ ಢಣಢಣ ಬಿದ್ದವು.

ಅವಳು ಆ ತೂತಿನಲ್ಲಿ ಬಗ್ಗಿ ನೋಡಿದಳು. ಪುಡಿಯಾದ ಹಲಗೆಯನ್ನು ಕೈಯಲ್ಲಿ ಹಿಡಿದು ಉಜ್ಜಿದಳು. ಗಂಡನ ಮುಖ ನೋಡಿದಳು. ಅವನಿಗೆ ಮೊದಲೇ ಗೊತ್ತಿತ್ತೆಂದು ಅವಳಿಗೆ ಆ ಮುಖದಲ್ಲಿಯೇ ತಿಳಿಯಿತು.

"ನಾನು ಆಲು ಉಯ್ದು ಸಾಕಿದ್ದು ಇದನ್ನಾ?"

"ನೀನಲ್ಲ," ಸೀನಪ್ಪ ಮೆಟ್ಟಿಲ ಮೇಲೆ ಕುಳಿತುಬಿಟ್ಟ. "ಗೆದ್ಲಿನ ರೆಕ್ಕೆ ಉಳ ಏಳೋದನ್ನ ಓದ ವರ್ಸನೇ ನೋಡಿದ್ದೆ. ಎಚ್ಚರ ಆಗ್ಬೇಕಾಗಿತ್ತು, ಆಗ್ಲಿಲ್ಲ. ಉತ್ತ ಇರೋಗಂಟ ಯಾವಾಗ ಮುಗಿಸ್ತೀಯ ಅಂತ ನನ್ನ ಯಾರೂ ಕೇಳಲ್ಲ, ಅದೇ ನನಗೆ ಬೇಕಾಗಿತ್ತು. ಆ ಗೇರ್‌ಬಾಕ್ಸ್ ಜೋಡ್ಸಕ್ಕೆ ನನಗೆ ಬರಲ್ಲ ಕಣೇ. ಬೇರೆ ಮೇಸ್ತ್ರಿ ಕೈಗೆ ಕೊಡಕ್ಕೆ ಮನಸು ಒಪ್ಪಲ್ಲ. ಕೋದಂಡ ಓದ ದಿನನೇ ಇದೂ ಓಯ್ತು. ನಾನು ಸುಮ್ನೆ ಬಣ್ಣ ಒಡೀತಿದ್ದೆ."

ಅವಳು ಅವನ ಪಕ್ಕದಲ್ಲಿ ಬಂದು ಕುಳಿತಳು. ಇಬ್ಬರೂ ಅತ್ತರು. ಆ ವಯಸ್ಸಿನವರು ಕೂಡಿ ಅಳುವುದನ್ನು ನೋಡಲು ಯಾರಿಗೂ ಧೈರ್ಯ ಬರುವುದಿಲ್ಲ. ಸುಬ್ರಮಣಿ ಹಿತ್ತಲಿನ ಕಡೆ ಹೋದ. ಕಲ್ಪನ ಮಾತ್ರ ವ್ಯಾನಿನ ಕೆಳಗೆ ತೂರಿ ಪಾತ್ರೆಗಳನ್ನು ಒಂದೊಂದಾಗಿ ಹೆಕ್ಕಿ ಸೆರಗಿನಲ್ಲಿ ಹಾಕಿಕೊಂಡಳು.

"ಮಾವ," ಅಂದಳು, ಎಷ್ಟೋ ದಿನದ ಮೇಲೆ ನೇರವಾಗಿ. "ಈಗಲೇ ಏನೂ ಅವಸರ ಇಲ್ಲ. ಟಾರ್ಪಾಲನ್ನ ಗಟ್ಟಿಯಾಗಿ ಕಟ್ಟಿದ್ರೆ ಈ ಮಳೆ ಕಳೀತೈತೆ."

"ಬೇಡಮ್ಮ. ಗೌರಿ ನನ್ನ ಟವಲೆಲ್ಲಾ ತಿಂದವ್ಳೆ. ಅವಳ ಜಾಗ ಅವಳಿಗೆ ಬಿಟ್ಕೊಡಾಣ."

ಹುತ್ತದ ಪ್ರಶ್ನೆ ಉಳಿಯಿತು. ಸುಬ್ರಮಣಿ ಊರಿನಲ್ಲಿ ಮೂರು ನಾಲ್ಕು ಜನರನ್ನು ಕೇಳಿದ. ಒಬ್ಬನಿಗೆ ಸೊಂಟ ನೋವು, ಒಬ್ಬನ ಹೆಂಡತಿ ಬಸುರಿ, ಇನ್ನೊಬ್ಬನಿಗೆ ಆ ವಾರವೆಲ್ಲ ಮದುವೆ. ಮಂಗಳವಾರ, ಶುಕ್ರವಾರ ಬಿಟ್ಟು ಗುರುವಾರ ಬೆಳಿಗ್ಗೆ ಚಿಕ್ಕವೆಂಕಟಮ್ಮ ತಲೆಗೆ ನೀರು ಹಾಕಿಕೊಂಡು ಬಂದಳು. ಹುತ್ತಕ್ಕೆ ಅರಿಶಿನ ಹಚ್ಚಿ, ಹಾಲು ಎರೆದು, ಕೈ ಮುಗಿದಳು.

"ತಪ್ಪಾಯ್ತಪ್ಪಾ. ನಿನ್ನ ಎಸ್ರು ಏಳಿ ನನ್ನ ಆಸೆ ಕಟ್ಕೊಂಡಿದ್ದೆ. ಒಲದ ಬದೂನಾಗೆ ಬೇವಿನಮರ ಐತೆ, ಅಲ್ಲಿ ಇರು," ಅಂದು ಹಾರೆ ಎತ್ತಿಕೊಂಡಳು.

"ಅಮ್ಮಾ, ನೀನು ಬೇಡ!" ಸುಬ್ರಮಣಿ ಕೂಗಿದ.

"ದೇವ್ರು ಮಾಡಿದೋಳು ನಾನು. ಕೀಳೋಳೂ ನಾನೇ. ಆ ಕಡೆ ಸರೀಲಾ."

ಹಾವಿರಲಿ, ಹಾವಿನ ಪೊರೆ ಕೂಡ ಸಿಗಲಿಲ್ಲ. ಅತ್ತೆ ಅಗೆದಳು, ಸೊಸೆ ಮಕ್ಕರಿಯಲ್ಲಿ ಮಣ್ಣನ್ನು ಹೊತ್ತು ಹೊಲದ ಬೇವಿನ ಬುಡಕ್ಕೆ ಸುರಿದಳು. ಯಾರಿಗೂ ಕಜ್ಜಿ ಏಳಲಿಲ್ಲ.

ವ್ಯಾನನ್ನು ಬಂಗಾರಪೇಟೆಗೆ ಎಳೆಯಲು ಟ್ರಾಕ್ಟರ್ ತಂದವನು ಪಕ್ಕದ ಹೊಲದ ಮುನಿಸ್ವಾಮಪ್ಪ. ಟೊಮೊಟೊ ಗಿಡದ ಸಿಟ್ಟು ಅವನಲ್ಲಿ ಇನ್ನೂ ಇತ್ತು, ಆದರೂ ಬಂದ. ಚಕ್ರಗಳಿಗೆ ಗಾಳಿ ತುಂಬಿದರು. ವ್ಯಾನಿಗೆ ಬ್ರೇಕಿಲ್ಲದ್ದರಿಂದ ಹಗ್ಗದ ಬದಲು ಕಬ್ಬಿಣದ ಪೈಪು ಕಟ್ಟಿದರು. ಗೇರ್‌ಬಾಕ್ಸಿನ ಗೋಣಿಚೀಲವನ್ನು ಸೀನಪ್ಪ ತಾನೇ ಎತ್ತಿ ಒಳಗಿಟ್ಟ.

"ಎಳೆಯೋ ಗಾಡಿಗೂ ಸ್ಟೀರಿಂಗ್ ಇಡಿಯೋರು ಬೇಕಲ್ಲ," ಅಂದ ಮುನಿಸ್ವಾಮಪ್ಪ. "ಮೇಲೆ ಅತ್ತು ಸೀನಣ್ಣ."

ಮುಂದಿನ ಕ್ಯಾಬಿನ್ ಬರೀ ತಗಡು; ಅಲ್ಲಿ ಗೆದ್ದಲಿನ ಆಟ ನಡೆದಿರಲಿಲ್ಲ. ಸೀನಪ್ಪ ಹತ್ತಿ ಕುಳಿತ. ಆ ಕಡೆಯ ಬಾಗಿಲು ಕಿರ್ರೆಂದಿತು. ಚಿಕ್ಕವೆಂಕಟಮ್ಮ ಸೀರೆ ಎತ್ತಿ ಹಿಡಿದು ಹತ್ತಿ, ಪಕ್ಕದ ಸೀಟಿನಲ್ಲಿ ಕುಳಿತು ಸೆರಗು ಸರಿಮಾಡಿಕೊಂಡಳು. ಬಾ ಎಂದು ಯಾರೂ ಕರೆದಿರಲಿಲ್ಲ, ಬೇಡ ಎಂದೂ ಯಾರೂ ಹೇಳಲಿಲ್ಲ. ಕಲ್ಪನ ಒಳಗೆ ಓಡಿ ಹೋಗಿ ಚಿತ್ರಾನ್ನದ ಡಬ್ಬಿ ತಂದು ಕಿಟಕಿಯಲ್ಲಿ ಕೊಟ್ಟಳು.

"ಬಂಗಾರಪೇಟೆಗೆ ಬುತ್ತಿ ಯಾಕಮ್ಮಾ?"

"ಪ್ರಯಾಣ ಅಂದ್ಮೇಲೆ ಬುತ್ತಿ ಇರ್ಬೇಕು ಅತ್ತೆ."

ವ್ಯಾನು ಕುಲುಕಿ ಮುಂದಕ್ಕೆ ಹೊರಟಿತು. ಮನೆಗಳ ಮುಂದೆ ಜನ ನಿಂತು ನೋಡಿದರು. ಆಂಡರ್ಸನ್‌ಪೇಟೆಯಲ್ಲಿ ಆಟೋದವರು ದಾರಿ ಬಿಟ್ಟು ಶಿಳ್ಳೆ ಹಾಕಿದರು. ಚಿಕ್ಕವೆಂಕಟಮ್ಮ ಅದು ತನಗೇ ಹಾಕಿದ್ದು ಎಂಬಂತೆ ತಲೆ ಆಡಿಸಿದಳು. ಗಣಿಯ ಬಿಳಿ ಮಣ್ಣಿನ ದಿಬ್ಬಗಳು ಪಕ್ಕದಲ್ಲಿ ಸರಿದವು. ಬಸ್ಸಿನಲ್ಲಿ ಇಷ್ಟು ನಿಧಾನವಾಗಿ ಅವಳು ಏನನ್ನೂ ನೋಡಿರಲಿಲ್ಲ. ಡಬ್ಬಿ ಬಿಚ್ಚಿ ಒಂದು ತುತ್ತು ತಾನು ತಿಂದಳು, ಒಂದನ್ನು ಸ್ಟೀರಿಂಗ್ ಹಿಡಿದವನ ಬಾಯಿಗೆ ಇಟ್ಟಳು.

"ರೋಡ್ನಾಗೆ ಜನ ನೋಡ್ತಾರೆ ಕಣೇ."

"ನೋಡ್ಲಿ. ಕಾಯಿ ತುರಿ ಒಸಿ ಜಾಸ್ತಿ ಆಕವ್ಳೆ, ಅಲ್ವಾ?"

ಬಂಗಾರಪೇಟೆಯಲ್ಲಿ ಗುಜರಿಯವನ ಗೇಟು ತೆರೆದಿತ್ತು. ಒಳಗೆ ಹಳೆಯ ಬಸ್ಸುಗಳ ಎಲುಬುಗಳು ರಾಶಿ ಬಿದ್ದಿದ್ದವು. ಟ್ರಾಕ್ಟರ್ ನಿಂತಿತು. ಬೈಕಿನಲ್ಲಿ ಹಿಂದೆಯೇ ಬಂದಿದ್ದ ಸುಬ್ರಮಣಿ ಇಳಿದು ಬಂದು ತಾಯಿಯ ಕಡೆಯ ಬಾಗಿಲು ತೆರೆದ.

"ಇಳಿಯಮ್ಮಾ, ಬಂತು."

ಚಿಕ್ಕವೆಂಕಟಮ್ಮ ಇಳಿಯಲಿಲ್ಲ. ಗೇಟಿನ ಒಳಗೆ ಒಮ್ಮೆ ನೋಡಿದಳು. ತೊಡೆಯ ಮೇಲಿನ ಡಬ್ಬಿಯನ್ನು ನೋಡಿದಳು. ಅದರಲ್ಲಿ ಇನ್ನೂ ಅರ್ಧ ಚಿತ್ರಾನ್ನ ಇತ್ತು.

"ಇಷ್ಟು ಬೇಗ ಬಂದ್ಬಿಡ್ತಾ?" ಅಂದಳು.

ಊರು ಬಿಟ್ಟಾಗಿನಿಂದ ಅಳು ತಡೆದುಕೊಂಡಿದ್ದ ಸೀನಪ್ಪನಿಗೆ ಆ ಮಾತನ್ನು ತಡೆಯಲಾಗಲಿಲ್ಲ. ಸ್ಟೀರಿಂಗಿನ ಮೇಲೆ ಹಣೆ ಇಟ್ಟ. ಇಷ್ಟು ಚಿಕ್ಕ ಸಂತೋಷವನ್ನು ಎಂದೋ ಒಂದು ದಿನ ಬಸ್ಸಿನಲ್ಲಿ ಕೂರಿಸಿಯೇ ಕೊಡಬಹುದಿತ್ತಲ್ಲ ಅಂದುಕೊಂಡ. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಮುನಿಸ್ವಾಮಣ್ಣ, ಇನ್ನೊಂದು ಸುತ್ತು ಓಗಾಣ."

"ಎಲ್ಲಿಗೆ?"

ಸೀನಪ್ಪ ಹೆಂಡತಿಯ ಕಡೆ ತಿರುಗಿದ. "ನೀನೇ ಏಳು, ಎಲ್ಲಿಗೆ ಓಗಾಣ?"

ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅವಳು ತಡಮಾಡದೆ ಹೇಳಿದಳು.

"ಸ್ಟೇಷನ್ ಕಡೆ ಓಗ್ಲಿ. ನಮ್ಮ ಸುಬ್ಬು ದಿನಾ ಎಲ್ಲಿ ರೈಲು ಅತ್ತುತಾನೋ ಅದನ್ನ ನೋಡ್ಬೇಕು."

ಸುಬ್ರಮಣಿ ತಾನು ತೆರೆದ ಬಾಗಿಲನ್ನು ತಾನೇ ಮುಚ್ಚಿದ. ಮುನಿಸ್ವಾಮಪ್ಪ ಏನೋ ಗೊಣಗಿಕೊಂಡು ಗುಜರಿಯವನ ಗೇಟಿನ ಮುಂದೆಯೇ ಟ್ರಾಕ್ಟರನ್ನು ತಿರುಗಿಸಿದ.